ಹಿಂದಿನ ಎಡ

ದಿನಾ ಎಂಟು ತಾಸು ಶಕ್ತಿನಗರದಲ್ಲಿ
ನಾಡಿಗೆಲ್ಲ ಹೋಗುವ ಕರೆಂಟಿನ
ನಾಡಿ ಹಿಡಿದು ಕೂರುವವನು ನಾನು.
ನನ್ನ ಮನೆಯ ರಿಸೀವರು ಸುಟ್ಟದ್ದು ವೋಲ್ಟೇಜು ಏರಿ.
ನಗುವವರು ನಕ್ಕರು. ನಾನೂ ನಕ್ಕೆ.
ಆಮೇಲೆ ಮುಚ್ಚಳ ಬಿಚ್ಚಿ ಮೂಸಿದರೆ
ತಳ ಹತ್ತಿದ ಹಾಲಿನ ವಾಸನೆ,
ಒಳಗೊಂದು ಹಲ್ಲಿ, ಕೈಕಾಲು ಚಾಚಿ.
ಯಾರಿಂದ ಯಾರು ಹೋದರೋ.

ತೀನ್ ಕಂದೀಲಿನ ಹತ್ತಿರ ಮೌಲಾಸಾಬ
ಟ್ರಾನ್ಸ್‌ಫಾರ್ಮರಿಗೆ ಬೆರಳು ತಾಗಿಸಿ
"ಇದು ಹೋತು ಬಿಡ್ರಿ" ಅಂದ,
ಸಾವಿನ ಮನೆಗೆ ಬಂದವರ ದನಿಯಲ್ಲಿ.
"ಸ್ಪೀಕರು?"
"ಗಟ್ಟಿ ಅದಾವ. ಹಳೇ ಮಾಲು, ಕಟಿಗಿ ಪೆಟಿಗಿ, ನಾಲ್ಕು ಓಮ್.
ಹೊಟ್ಟಿಬಾಕ ಮಕ್ಳು.
ಸಣ್ಣ ರಿಸೀವರು ಇವಕ್ಕ ಉಣಿಸಿ ಉಣಿಸಿ
ತಾನ ಬಿಸಿಯಾಗಿ ಸಾಯ್ತದ.
ಮತ್ತ ಕೇಳ್ರಿ: ಡಬ್ಬಿ ಮ್ಯಾಲ ನೂರು ವಾಟ್ ಅಂತ ಬರದಿರ್ತಾರ,
ಅದು ಎರಡು ಬಾಯಿಗೆ ಕೊಟ್ಟಾಗಿನ ಲೆಕ್ಕ.
ಐದು ಬಾಯಿಗೆ ಹಂಚಿದ್ರ ಎಷ್ಟು, ಅದನ್ನ ಕೇಳ್ರಿ."

ಸ್ಟೇಷನ್ ರೋಡಿನ ದೊಡ್ಡ ಅಂಗಡಿಯಲ್ಲಿ ಕೇಳಿದೆ.
ಟೈ ಕಟ್ಟಿದ ಹುಡುಗ ಪುಸ್ತಕ ತಿರುವಿದ, ಫೋನು ಮಾಡಿದ,
ಕೊನೆಗೆ ತಣ್ಣನೆಯ ನೀರು ತಂದುಕೊಟ್ಟ.
ಒಂದು ಉದ್ದನೆಯ ಕೋಲು ತೋರಿಸಿದ:
"ಸೌಂಡ್‌ಬಾರ್ ಸರ್, ವೈರೇ ಇಲ್ಲ.
ದನಿ ಗೋಡಿಗೆ ಬಡದು ವಾಪಸ್ ಬರ್ತದ,
ಹಿಂದ ಯಾರೋ ಇದ್ದಂಗ."

ಇದ್ದಂಗ.
ಬೇಡ ಅಂದೆ.

ಹಂಚಿದರೆ ಎಷ್ಟು ಬರುತ್ತದೆಂಬುದು
ನಮ್ಮ ಮನೆಗೆ ಗೊತ್ತು. ಮೂರು ವರ್ಷದ ಕೆಳಗೆ
ನನಗೂ ತಮ್ಮ ಅಂಬಣ್ಣನಿಗೂ ನಡುವೆ
ಹಾಲಿನೊಳಗೇ ಎದ್ದಿತು ನಾಲ್ಕೂವರೆ ಇಂಚಿನ ಗೋಡೆ.
ಫ್ರಿಜ್ಜು ಅವನಿಗೆ, ಟೀವಿ ನನಗೆ.
ತಾಮ್ರದ ಹಂಡೆ ಅವನಿಗೆ; ಅದರ ಮುಚ್ಚಳ, ಯಾಕೋ, ನನಗೆ.
ಸ್ಪೀಕರಿನ ಮಾತು ಯಾರೂ ಎತ್ತಲಿಲ್ಲ.
ಐದರಲ್ಲೊಂದು, ಹಿಂದಿನ ಎಡದ್ದು,
ಅವನ ಪಾಲಿನ ಮೂಲೆಯಲ್ಲಿ ತೂಗುತ್ತ ಉಳಿಯಿತು.
ಅದರ ವೈರು ಶಹಾಬಾದ್ ಕಲ್ಲಿನ ಕೆಳಗೆ,
ಮನೆ ಕಟ್ಟುವಾಗಲೇ ಹೂತದ್ದು:
ನಾನು ಬಿಟ್ಟುಕೊಟ್ಟೆ, ಅವನು ಎಳೆದುಕೊಂಡ.
ಗೋಡೆ ಕಟ್ಟಿದ ಗೌಂಡಿಗೆ ಅದು ಕಾಣಲಿಲ್ಲ.
ತಮ್ಮ ಕತ್ತರಿಸಿರಬೇಕು ಅಂದುಕೊಂಡಿದ್ದೆ;
ಕೇಳೋಣವೆಂದರೆ ಮಾತೇ ನಿಂತಿತ್ತು.

ಕಡೆಗೆ ತಂದದ್ದು ಹೈದರಾಬಾದಿನಿಂದ,
ಹದಿಮೂರು ಕಿಲೊ, ನಾಲ್ಕು ಓಮಿಗೆ ಹೆದರದ್ದು.
"ಮೊದಲ ಸ್ಟೆಬಿಲೈಜರು ತರಬೇಕಿತ್ತು,
ಕರೆಂಟಿನಾಗ ಕೆಲಸ ಮಾಡಾವ್ರು ನೀವು" ಎಂದಳು ಬಸಲಿಂಗಮ್ಮ.
ಖರೆ. ಅದನ್ನೂ ತಂದೆ.

ಈಗಿನ ರಿಸೀವರಿಗೆ ಒಂದು ಸಣ್ಣ ಮೈಕು ಇರುತ್ತದೆ.
ನೀವು ಕೂರುವಲ್ಲಿ, ಕಿವಿಯ ಎತ್ತರಕ್ಕೆ ಇಡಬೇಕು.
ಒಂದೊಂದೇ ಸ್ಪೀಕರನ್ನು ಕೂಗಿ ಕರೆದು
ಎಷ್ಟು ದೂರ ಇದ್ದೀ ಎಂದು ಅಳೆಯುತ್ತದೆ.
ಅಲ್ಲಿಯವರೆಗೆ ಸದ್ದು ಸಲ್ಲ.
ರಾಯಚೂರಿನ ಮೇ ತಿಂಗಳು; ಕೂಲರು ಆರಿಸಿದೆ, ಫ್ಯಾನು ಆರಿಸಿದೆ,
ಬಸಲಿಂಗಮ್ಮ ಬಳೆ ಒತ್ತಿ ಹಿಡಿದು ಕೂತಳು.

ಮುಂದಿನ ಎಡ: ಠುಂ.
ನಡುವಿನದು, ಠುಂ.
ಮುಂದಿನ ಬಲ. ಹಿಂದಿನ ಬಲ.
ಆಮೇಲೆ ಏನೂ ಇಲ್ಲ. ಕಿವಿಯ ಹಿಂದೆ ಬೆವರು ಇಳಿಯಿತು.

ಗೋಡೆಯ ಆಚೆ,
ಕಂಬಳಿಯೊಳಗೆ ಯಾರೋ ಕೆಮ್ಮಿದ ಹಾಗೆ,
ಠುಂ.

ಹಿಂದೆಯೇ ಒಂದು ಎಳೆಯ ದನಿ:
"ಅಪ್ಪಾ, ದೊಡ್ಡಪ್ಪಂದು ರಿಪೇರಿ ಆಗ್ಯಾದ!"
"ಶ್ಶ್. ಅಳೀಲಿಕ್ಕತ್ತದ. ಸುಮ್ಕಿರು."

ಸುಮ್ಮನಿದ್ದರು. ಎರಡೂ ಕಡೆ
ಯಾರೂ ಉಸಿರೆತ್ತಲಿಲ್ಲ, ಆ ಯಂತ್ರ ಮುಗಿಸುವತನಕ.

ಪರದೆಯ ಮೇಲೆ ಬಂತು:
ಹಿಂದಿನ ಎಡ, ಹದಿನಾಲ್ಕು ಅಡಿ.
ಟೇಪು ಹಿಡಿದರೆ ಎಂಟೂ ಆಗದು.
ತಪ್ಪು ಬಂದರೆ ಕೈಯಿಂದ ತಿದ್ದಿಕೊಳ್ಳಿ ಎಂದಿದೆ ಪುಸ್ತಕ.

ದೂರವನ್ನು ಹಾಗೇ ಬಿಟ್ಟೆ.
ಅದೊಂದರ ದನಿ ಮಾತ್ರ ಎರಡು ಅಂಕಿ ಏರಿಸಿ
ಎದ್ದು ಫ್ಯಾನು ಹಾಕಿದೆ.